ದ್ವೀಪದಲ್ಲಿ ಅತ್ತಿಗೊಂದು ಮನೆ ಹುಡುಕಿದ್ದು

ಸಮಾಮಿಶ್, ಮೇ 9, 2015

ಗುರುಣ್ಣನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೇ ತಿಂಗಳಿಗೆ ಸ್ಕಾಟ್ಲೆಂಡಿನ ಒಂದು ದ್ವೀಪದ ಚಿತ್ರವಿತ್ತು. ಕಪ್ಪು ಗುಡ್ಡ, ಅದರ ಬುಡದಲ್ಲಿ ಒಂದೇ ಒಂದು ಬಿಳಿ ಮನೆ, ಮುಂದೆ ಬೂದು ಬಣ್ಣದ ಸಮುದ್ರ. ಅಮೆರಿಕಕ್ಕೆ ಬಂದು ತಿಂಗಳಾಗಿದ್ದರೂ ನಾನು ಅತಿ ಹೆಚ್ಚು ಹೊತ್ತು ನೋಡಿದ ದೃಶ್ಯ ಅದೇ ಇರಬೇಕು. ಸಮಾಮಿಶ್‌ನಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲಾಗದು. ಮನೆ, ಹುಲ್ಲು, ಮತ್ತೆ ಅಂಥದೇ ಮನೆ, ಮತ್ತೆ ಹುಲ್ಲು. ಬೆಳಿಗ್ಗೆ ಒಂದು ಸುತ್ತು ನಡೆದು ಬಂದರೆ ದಾರಿಯಲ್ಲಿ ಸಿಗುವವರು ಇಬ್ಬರೋ ಮೂವರೋ. ಅವರನ್ನೂ ನಾನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

"ಆ ಬಿಳಿ ಮನ್ಯಾಗ ಇರಾಕ ಕೊಡ್ತಾರೇನು?" ಎಂದು ಗುರುಣ್ಣನನ್ನು ಕೇಳಿದೆ.

"ಅಲ್ಲಿಗೆ ಹೋಗಾಕ ಬ್ಯಾರೆ ವೀಸಾ ಬೇಕು, ಬ್ಯಾರೆ ವಿಮಾನ ಬೇಕು. ಇಲ್ಲೇ ಉತ್ತರಕ್ಕ ಎರಡು ತಾಸು ಗಾಡಿ ಹೊಡದು ಫೆರಿ ಹತ್ತಿದ್ರ ಇಂಥಾವ ಅದಾವು. ಬೇಕಾದ್ದು ಆರಿಸು. ಆದ್ರ ಜಾಗಾ ನೀನ ಹುಡುಕು. ಅವ್ವ ಸಿಟ್ಟಾದ್ರ ನಿನ್ನ ಮ್ಯಾಲೆ ಸಿಟ್ಟಾಗ್ಲಿ."

ಗುರುಣ್ಣ ನನ್ನ ಸೋದರತ್ತೆಯ ಮಗ. ರೆಡ್ಮಂಡಿನಲ್ಲಿ ಅವನ ಕೆಲಸ. ಇಳಕಲ್ಲಿನಿಂದ ಅತ್ತಿ ಮಗನ ಮನೆಗೆ ಹೊರಟಾಗ ಒಬ್ಬರನ್ನೇ ವಿಮಾನ ಹತ್ತಿಸಲು ಯಾರಿಗೂ ಧೈರ್ಯ ಬರಲಿಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಬೇಸಿಗೆ ರಜೆ ಇತ್ತು. ಜೊತೆಗೆ ಕಳಿಸಿದರು.

ಅವನ ಮಾತಿನ ಹಿಂದೆ ಒಂದು ಕಥೆಯಿದೆ. ಏಪ್ರಿಲ್‌ನಲ್ಲಿ ಅವನು ನಮ್ಮನ್ನು ಸಮುದ್ರದಂಡೆಯ ಒಂದು ಹೋಟೆಲಿಗೆ ಕರೆದೊಯ್ದಿದ್ದ. ಅತ್ತಿ ಅಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಂಚದ ಮೇಲೆ ಮೈಚಾಚಲೂ ಇಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತೇ ಬೆಳಕು ಹರಿಸಿದರು. ಅರವತ್ತಾರು ವರ್ಷದ ಅವರು ಅಲ್ಲಿಯವರೆಗೆ ಲಾಡ್ಜಿನಲ್ಲಿ ಮಲಗಿದವರೇ ಅಲ್ಲ. ಯಾವ ಊರಿಗೆ ಹೋದರೂ ಬೀಗರು, ಬೀಗರ ಬೀಗರು, ಅದೂ ಇಲ್ಲದಿದ್ದರೆ ಮಠ. ಮರಳಿ ಬಂದ ಮೇಲೆ ಗುರುಣ್ಣ ನನಗೊಬ್ಬಳಿಗೇ ಹೇಳಿದ: "ಇನ್ನೊಂದ ಸಲ ಹಿಂಗಾತಂದ್ರ ನಾ ಅವ್ವನ್ನ ಎಲ್ಲಿಗೂ ಕರಕೊಂಡು ಹೋಗಂಗಿಲ್ಲ. ಆಕಿ ಇಲ್ಲಿ ಒಂದ ದಿನಾನೂ ನೆಟ್ಟಗ ಮಲಗಿಲ್ಲ ಅಂತ ನೆನಪಿಟ್ಕೊಂಡು ನಾ ಕೂಡಬೇಕಾಗ್ತೈತಿ."

ಜೂನ್ ಮೊದಲ ವಾರ ನಾವು ಊರಿಗೆ ಮರಳುವುದಿತ್ತು. ಮೇ ಕೊನೆಯ ಸೋಮವಾರ ಇಲ್ಲಿ ಸೈನಿಕರ ಸ್ಮರಣೆಗೆ ರಜೆ, ಶನಿವಾರ ಭಾನುವಾರ ಸೇರಿದರೆ ಮೂರು ದಿನ. ಇನ್ನೊಂದು ಅವಕಾಶವಿರಲಿಲ್ಲ. ಅತ್ತಿ ಉಣ್ಣಬೇಕು, ಮಲಗಬೇಕು. ನನ್ನ ಕೆಲಸ ಅಷ್ಟೇ.

ಸಮಾಮಿಶ್, ಮೇ 15

ಓರ್ಕಾಸ್ ಎಂಬ ದ್ವೀಪವನ್ನು ಗೊತ್ತುಮಾಡಿದೆ. ಉಳಿಯುವ ಜಾಗ ಮಾತ್ರ ಗೊತ್ತಾಗಲಿಲ್ಲ. ಮೂರು ಜಾಗಗಳನ್ನು ಎದುರು ಬದುರು ಇಟ್ಟು ಅಂಕ ಕೊಟ್ಟೆ. ಬಂದರಿನ ಹೋಟೆಲಿಗೆ ಸಮುದ್ರ ಕಾಣುತ್ತದೆ, ಒಲೆಯಿಲ್ಲ. ಕೆರೆಯ ದಂಡೆಯ ಮರದ ಗುಡಿಸಲಿಗೆ ಒಲೆಯಿದೆ, ಬಚ್ಚಲು ಹೊರಗೆ. ತೋಟದ ನಡುವಿನ ಪುಟ್ಟ ಮನೆಗೆ ಎಲ್ಲವೂ ಇದೆ, ಸಮುದ್ರ ಇಲ್ಲ, ಮತ್ತು ಶುಕ್ರವಾರ ಅದು ಖಾಲಿಯಿಲ್ಲ. ಮೊದಲ ಸಲ ಕೂಡಿಸಿದಾಗ ಹೋಟೆಲ್ ಗೆದ್ದಿತು. ಅಡುಗೆಗೆ ಹೆಚ್ಚು ಅಂಕ ಇಟ್ಟಾಗ ತೋಟದ ಮನೆ ಗೆದ್ದಿತು. ಮರುದಿನ ಸ್ಕಾಟ್ಲೆಂಡಿನ ಆ ಚಿತ್ರ ನೋಡಿ ನೀರಿನ ದಂಡೆಗೆ ಅಂಕ ಏರಿಸಿದೆ, ಗುಡಿಸಲು ಗೆದ್ದಿತು. ವಿದ್ಯಾರ್ಥಿಗಳಿಗೆ ನಾನು ಬೈಯುವುದೇ ಇಂಥ ಲೆಕ್ಕಕ್ಕೆ.

ಗುರುಣ್ಣನ ಹೆಂಡತಿ ಶೈಲಾ ವೈನಿ ಮೈಸೂರಿನವರು. ಹಿಂದಿನಿಂದ ಬಂದು ಪರದೆಯನ್ನು ನೋಡಿ, "ಏನೇ ಸುಧಾ, ಮದುವೆಗೆ ಗಂಡು ನೋಡ್ತಿದೀಯಾ? ಯಾವುದೋ ಒಂದು ಬುಕ್ ಮಾಡೇ, ಲಾಂಗ್ ವೀಕೆಂಡು, ಎಲ್ಲಾ ಹೋಗ್ಬಿಡುತ್ತೆ," ಎಂದರು.

ಅತ್ತಿಯನ್ನೇ ಕೇಳೋಣವೆಂದು ಹೋದೆ. ಅವರದು ಒಂದೇ ಪ್ರಶ್ನೆ: "ಆ ಊರಾಗ ನಮ್ಮವರು ಯಾರದಾರ?"

"ಯಾರೂ ಇಲ್ಲ ಅತ್ತಿ."

"ಮತ್ತ ಯಾಕ ಹೋಗೂದು?"

ಕೊನೆಗೆ ಶುಕ್ರವಾರ ಹೋಟೆಲು, ಶನಿವಾರ ಭಾನುವಾರ ತೋಟದ ಮನೆ ಎಂದು ನನ್ನ ಹೆಸರಿನಲ್ಲಿ ಗೊತ್ತುಮಾಡಿದೆ. ಗುಡಿಸಲಿನ ಫೋನ್ ನಂಬರನ್ನೂ ಬರೆದುಕೊಂಡೆ, ಇರಲಿ ಎಂದು.

ಅನಕೋರ್ಟಿಸ್ ಬಂದರು, ಮೇ 22, ಶುಕ್ರವಾರ

ಫೆರಿ ಎಂದರೆ ನಮ್ಮ ಕೃಷ್ಣೆಯ ದೋಣಿಯಲ್ಲ. ಒಂದು ಮೂರಂತಸ್ತಿನ ಕಟ್ಟಡವೇ ಬಾಯಿ ತೆರೆದು ಕಾರುಗಳನ್ನು ನುಂಗುತ್ತದೆ. ಅದರ ಬಾಯಿಗೆ ಸಿಗಲು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಜನ ಅದಕ್ಕೆ ಒಗ್ಗಿಹೋಗಿದ್ದಾರೆ. ಕಾರಿನಿಂದ ಕುರ್ಚಿ ಇಳಿಸಿ ಕೂತು ಓದುತ್ತಾರೆ, ನಾಯಿಗೆ ನೀರು ಕುಡಿಸುತ್ತಾರೆ, ಇಸ್ಪೀಟಾಡುತ್ತಾರೆ. ಹಾರ್ನ್ ಹೊಡೆದವನು ಒಬ್ಬನೂ ಇಲ್ಲ. ಹಾರ್ನಿಗೆಂದು ಡೈರಿಯಲ್ಲಿ ಬಿಟ್ಟ ಜಾಗ ಖಾಲಿಯೇ ಉಳಿಯಿತು. ನಾನು ಮಾತ್ರ ಕಾರಿಗೂ ದಡಕ್ಕೂ ನಡುವೆ ಓಡಾಡುತ್ತಿದ್ದೆ. ಹೋಟೆಲೇ ತಪ್ಪೋ, ಮೊದಲ ದಿನವೇ ಗುಡಿಸಲಿಗೆ ಹೋಗಬೇಕಿತ್ತೋ.

ನೀರಿನ ಮೇಲೆ ಹೋಗುತ್ತಿದ್ದಾಗ ವೈನಿಯ ಫೋನಿಗೆ 'ಕೆನಡಾಕ್ಕೆ ಸ್ವಾಗತ' ಎಂಬ ಸಂದೇಶ ಬಂತು. ಆಚೆ ದಡದ ದೇಶದ ಮೊಬೈಲ್ ಗೋಪುರ ನಮ್ಮನ್ನು ತನ್ನವರೆಂದು ತಿಳಿದಿತ್ತು. "ನೋಡ್ರಿ ಅತ್ತೆ, ಯಾರೋ ಕರೀತಿದಾರೆ," ಎಂದು ವೈನಿ ನಕ್ಕರು. ಅತ್ತಿ ನಗಲಿಲ್ಲ. ಕಾಡು ತುಂಬಿದ ದ್ವೀಪಗಳು ಒಂದರ ಹಿಂದೊಂದು ಸರಿದು ಹೋಗುವುದನ್ನು ನೋಡುತ್ತ, "ದೀಪಾನ ಕಾಣವಲ್ವು," ಎಂದರು. ಆಗಿನ್ನೂ ಹಗಲಿತ್ತು.

ಹೋಟೆಲಿನ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಕಿಟಕಿಯ ತುಂಬ ಸಮುದ್ರ, ಎದುರು ಕುರ್ಚಿ, ಕುರ್ಚಿಯಲ್ಲಿ ಅತ್ತಿ, ಅತ್ತಿಯ ಮಡಿಲಲ್ಲಿ ಬಾಳೆಹಣ್ಣು. ಡೈರಿಯಲ್ಲಿ ಎರಡು ಸಾಲು: ಊಟ, ಇಲ್ಲ. ನಿದ್ದೆ, ಇಲ್ಲ.

ತೋಟದ ಮನೆ, ಮೇ 23, ಶನಿವಾರ

ದ್ವೀಪದ ರಸ್ತೆಗಳಲ್ಲಿ ಎದುರಿಗೆ ಬರುವ ಪ್ರತಿ ಕಾರಿನವನೂ ಸ್ಟಿಯರಿಂಗಿನಿಂದ ಎರಡು ಬೆರಳೆತ್ತಿ ನಮಸ್ಕಾರ ಮಾಡುತ್ತಾನೆ. ಗುರುಣ್ಣ ಮೊದಲು ಪೊಲೀಸರ ಸುಳಿವು ಕೊಡುತ್ತಿದ್ದಾರೆಂದು ತಿಳಿದು ನಿಧಾನ ಮಾಡಿದ. ಆಮೇಲೆ ಅವನೂ ಬೆರಳೆತ್ತತೊಡಗಿದ. ಇಳಕಲ್ಲಿನ ಬಜಾರಿನಲ್ಲಿ ದನ ನಿಂತಂತೆ ಇಲ್ಲಿ ಜಿಂಕೆ ನಡುರಸ್ತೆಯಲ್ಲಿ ನಿಲ್ಲುತ್ತವೆ. ಹನ್ನೊಂದು ಎಣಿಸಿದೆ.

ದಾರಿಯಲ್ಲಿ ಒಂದು ಪುಟ್ಟ ಕಟ್ಟೆಯ ಮೇಲೆ ಮೊಟ್ಟೆ, ಸೊಪ್ಪು, ಜಾಮಿನ ಬಾಟಲಿ ಇಟ್ಟಿದ್ದರು. ಬೆಲೆ ಬರೆದಿತ್ತು, ಹಣ ಹಾಕಲು ಡಬ್ಬಿಯಿತ್ತು, ಮಾರುವವರಿರಲಿಲ್ಲ. ಗುರುಣ್ಣ ಇದೊಂದು ದೊಡ್ಡ ವಿಶ್ವಾಸ ಎಂದು ಹೊಗಳಿದ. ಅತ್ತಿ ಸೊಪ್ಪಿನ ಕಟ್ಟು ಎತ್ತಿ ಮೂಸಿ, ಅತ್ತಿತ್ತ ನೋಡಿದರು. "ಚೌಕಾಸಿ ಯಾರ ಕೂಡ ಮಾಡೂದು?"

ತೋಟದ ಮನೆಯಲ್ಲೂ ಅದೇ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಕೀಲಿ, ಪೆಟ್ಟಿಗೆಯ ನಂಬರು ನನ್ನ ಹತ್ತಿರ. ಅತ್ತಿ ಮೆಟ್ಟಿಲ ಕೆಳಗೇ ನಿಂತು, "ಒಳಗ ಯಾರದೀರಿ?" ಎಂದು ಕೂಗಿದರು. ನಾನು ಬಾಗಿಲು ತೆಗೆದರೂ ಮೇಲೆ ಬರಲಿಲ್ಲ.

"ಮನಿಯಾಕಿ ಎಲ್ಲಿ?"

"ಆ ತೋಪಿನ ಆಚೆ ಅವರ ಮನಿ ಐತಂತ. ಹೆಸರು ಜೂಡಿತ್. ಏನರ ಬೇಕಾದ್ರ ಫೋನ್ ಮಾಡು ಅಂದಾರ."

"ಏನೂ ಬ್ಯಾಡಾಗಿದ್ರ ಮುಖಾ ತೋರ್ಸಂಗಿಲ್ಲೇನು? ಅಂಗಡ್ಯಾಗೂ ಯಾರಿಲ್ಲ, ಮನ್ಯಾಗೂ ಯಾರಿಲ್ಲ. ಕಳ್ಳರು ಹೊಕ್ಕಂಗ ಹೊಗೂದಾತು."

ಫ್ರಿಜ್ಜಿನ ಮೇಲೆ ಅಂಟಿಸಿದ ಸೂಚನೆಗಳನ್ನು ಅತ್ತಿಗೆ ಓದಿ ಹೇಳಿದೆ. ನೀರು ಬಾವಿಯದು, ಈ ವರ್ಷ ಬೆಟ್ಟದ ಮೇಲೆ ಹಿಮ ಕಡಿಮೆ, ಮಿತವಾಗಿ ಬಳಸಿ. ಪಾಯಿಖಾನೆಯ ಗುಂಡಿ ಚಿಕ್ಕದು. ಮನೆಯಲ್ಲಿ ನಾಲ್ಕು ಜನ ಮಾತ್ರ ಇರತಕ್ಕದ್ದು.

"ನಾಕ ಮಂದೀನ ಅದೀವಲ್ಲ," ಎಂದರು ಅತ್ತಿ. "ನೀರಿಂದು ಇಳಕಲ್ಲಿನವರಿಗೆ ಹೇಳಿಕೊಡ್ತಾಳೇನು?"

ಒಲೆ ನೋಡಿದ ಮೇಲೆ ಅವರ ಮುಖ ಸ್ವಲ್ಪ ತಿಳಿಯಾಯಿತು. ಸಮಾಮಿಶ್‌ನಿಂದ ಒಯ್ದಿದ್ದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿದರು. ಎರಡು ರೊಟ್ಟಿ ಉಂಡರು. ನಾನು ಡೈರಿಯಲ್ಲಿ ಗೆರೆ ಎಳೆದು ಗುರುಣ್ಣನಿಗೆ ತೋರಿಸಿದೆ. "ಅರ್ಧಾ ಪಾಸು," ಎಂದ.

ಅರ್ಧವೇ ಆಯಿತು. ಭಾನುವಾರ ಬೆಳಿಗ್ಗೆ ನೋಡಿದರೆ ಅವರ ಹಾಸಿಗೆಯ ಚಾದರಿಗೆ ಒಂದು ಸುಕ್ಕೂ ಇಲ್ಲ. ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕುಳಿತಿದ್ದರು.

"ಹಾಸಿಗಿ ಚಲೋ ಇಲ್ಲೇನ ಅತ್ತಿ?"

"ಹಾಸಿಗಿ ಚಲೋನ ಐತಿ. ಯಾರ ಮನಿ ಅಂತ ಗೊತ್ತಿಲ್ದ ಮನ್ಯಾಗ ಕಣ್ಣು ಹೆಂಗ ಹತ್ತತಾವು ಹೇಳು?"

ಈಸ್ಟ್‌ಸೌಂಡ್, ಮೇ 24, ಭಾನುವಾರ

ದ್ವೀಪದ ಅತಿ ಎತ್ತರದ ಬೆಟ್ಟದ ಮೇಲೆ ಕಲ್ಲಿನ ಒಂದು ಗೋಪುರವಿದೆ. ಅಲ್ಲಿ ನಿಂತರೆ ಸುತ್ತಲಿನ ದ್ವೀಪಗಳೆಲ್ಲ ತಟ್ಟೆಯಲ್ಲಿ ಚೆಲ್ಲಿದ ಅವರೆಕಾಳಿನಂತೆ ಕಾಣುತ್ತವೆ. ಎಲ್ಲರೂ ಅದನ್ನು ನೋಡುತ್ತಿದ್ದಾಗ ನಾನು ಗೋಡೆಯ ಮರೆಗೆ ಹೋಗಿ ಕೆರೆಯ ಗುಡಿಸಲಿಗೆ ಫೋನ್ ಮಾಡಿದೆ. ಒಂದು ರಾತ್ರಿಯಾದರೂ ಸಿಗುತ್ತದೆಯೇ? ನೀರಿನ ಸದ್ದಿಗೆ ಅತ್ತಿಗೆ ನಿದ್ದೆ ಬಂದೀತೆಂಬ ಆಸೆ. ಆ ಕಡೆಯ ಹೆಂಗಸು ನಕ್ಕು, ಇಡೀ ದ್ವೀಪದಲ್ಲಿ ಒಂದು ಹಾಸಿಗೆಯೂ ಖಾಲಿಯಿಲ್ಲ ಎಂದಳು.

ಸಂಜೆ ಈಸ್ಟ್‌ಸೌಂಡ್ ಎಂಬ ಪುಟ್ಟ ಪೇಟೆಗೆ ಹಾಲು ತರಲು ಇಳಿದೆವು. ರಸ್ತೆಯಲ್ಲಿ ಎಂದಿಲ್ಲದ ಕಾರುಗಳು. ಕೊನೆಯ ಫೆರಿಯ ಎಂಜಿನ್ ಕೆಟ್ಟು ಅದು ರದ್ದಾಗಿತ್ತು. ಸಾಲಿನಲ್ಲಿದ್ದವರೆಲ್ಲ ಬಂದರಿನಿಂದ ಹಿಂದಿರುಗಿ ಮಲಗಲು ಜಾಗ ಹುಡುಕುತ್ತಿದ್ದರು. ನಾವು ಹಾಲು ಕೊಂಡು ಹೊರಗೆ ಬಂದಾಗ ಅತ್ತಿ ಅಂಗಡಿಯ ಮುಂದಿನ ಬೆಂಚಿನಲ್ಲಿ ತಮ್ಮದೇ ವಯಸ್ಸಿನ, ಸೀರೆಯ ಮೇಲೆ ಸ್ವೆಟರ್ ತೊಟ್ಟ ಹೆಂಗಸಿನ ಪಕ್ಕ ಕುಳಿತಿದ್ದರು. ಆಕೆಗೆ ತೆಲುಗು ಬಿಟ್ಟು ಬೇರೆ ಬಾರದು, ಅತ್ತಿಗೆ ಕನ್ನಡ ಬಿಟ್ಟು. ಅತ್ತಿ ತಮ್ಮ ಕನ್ನಡವನ್ನೇ ಇನ್ನಷ್ಟು ಗಟ್ಟಿಯಾಗಿ ಆಡುತ್ತಿದ್ದರು.

ಆಕೆಯ ಮಗಳು ಸ್ವಾತಿ, ಅಳಿಯ ಕಿರಣ್ ಬಂದರು. ಕಿರಣ್ ಆರನೆಯ ಬಾಗಿಲಿನಿಂದ ಇಲ್ಲವೆನ್ನಿಸಿಕೊಂಡು ಬಂದಿದ್ದ. "ಕನ್ನಡ ಸ್ವಲ್ಪ ಬರುತ್ತೆ ಸರ್, ಮಾರತ್‌ಹಳ್ಳಿಲಿ ಎರಡು ವರ್ಷ ಇದ್ದೆ," ಎಂದು ಗುರುಣ್ಣನಿಗೆ ಹೇಳಿದ. "ಪರ್ವಾಗಿಲ್ಲ, ಕಾರಲ್ಲೇ ಮಲ್ಕೋತೀವಿ. ಅತ್ತೆಗೆ ಮಾತ್ರ ಮೊಣಕಾಲು ನೋವು."

"ಕಾರ್‌ನ್ಯಾಗ ಯಾಕ ಮಲಗ್ತೀರಿ? ನಮ್ಮ ಮನಿ ಇಲ್ಲೇ ಐತಿ," ಎಂದುಬಿಟ್ಟರು ಅತ್ತಿ.

ಇಳಕಲ್ಲಿನಲ್ಲಿ ಅವರ ಮನೆ ಬಸ್‌ ನಿಲ್ದಾಣದ ಹಿಂದೆಯೇ. ಕೊನೆಯ ಬಸ್ಸು ತಪ್ಪಿದವರು ಅವರ ಪಡಸಾಲೆಯಲ್ಲಿ ಮಲಗಿ ಬೆಳಗಿನ ಬಸ್ಸಿಗೆ ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ವೈನಿ ಅತ್ತಿಯನ್ನು ಪಕ್ಕಕ್ಕೆ ಕರೆದರು. "ಅತ್ತೆ, ಆ ಮನೆಗೆ ನಾಲ್ಕೇ ಜನ ಅಂತ ಅಗ್ರಿಮೆಂಟ್ ಇದೆ. ಓನರ್‌ಗೆ ಗೊತ್ತಾದ್ರೆ ನಮ್ಮನ್ನೂ ಖಾಲಿ ಮಾಡಿ ಅಂತಾರೆ. ಫೆರಿನೂ ಇಲ್ಲ, ಆಮೇಲೆ ಏಳು ಜನಾನೂ ಕಾರಲ್ಲೇ."

"ಮನಿಗೆ ಬಂದವರನ್ನ ಎಣಸ್ತಾರೇನ ಶೈಲಾ?"

ವೈನಿ ನನ್ನ ಕಡೆ ನೋಡಿದರು. ಆ ಕರಾರಿಗೆ ಒಪ್ಪಿಗೆ ಕೊಟ್ಟವಳು ನಾನು. ನಾನು ಗುರುಣ್ಣನ ಕಡೆ ನೋಡಿದೆ. ಅವನು ಬೆಂಚಿನ ಮೇಲಿದ್ದ ಹೆಂಗಸಿನ ಮೊಣಕಾಲನ್ನು ನೋಡಿ, "ಅವ್ವ ಕರದಾಳ. ಮುಗೀತು," ಎಂದ.

ತೋಟದ ಮನೆ, ಅದೇ ಸಂಜೆ

ಈ ಸೀಮೆಯಲ್ಲಿ ಮೇ ತಿಂಗಳ ಬೆಳಕು ಒಂಬತ್ತರವರೆಗೂ ಹೋಗುವುದಿಲ್ಲ. ಅಂಗಳದ ಎರಡನೆಯ ಕಾರು ಯಾರಿಗಾದರೂ ಕಾಣುವಂತಿತ್ತು. ನಾನು ಕಿಟಕಿ ಬಿಟ್ಟು ಅಲುಗಲಿಲ್ಲ. ಒಳಗೆ ಅತ್ತಿಯ ದರ್ಬಾರು ನಡೆದಿತ್ತು. ಏಪ್ರಿಲ್‌ನಿಂದ ಇಂಥ ಅತ್ತಿಯನ್ನು ನಾನು ನೋಡಿರಲಿಲ್ಲ. ಬಂದವರಿಗೆ ಕೈಕಾಲು ತೊಳೆಯಲು ಒಂದೊಂದೇ ತಂಬಿಗೆ ನೀರು ಅಳೆದು ಕೊಟ್ಟರು. ಸ್ವಾತಿಗೆ ಉಳ್ಳಾಗಡ್ಡಿ ಹೆಚ್ಚಲು ಹೇಳಿದರು. ಕಿರಣ್ ಪಾತ್ರೆ ತೊಳೆಯುತ್ತೇನೆ ಎಂದಾಗ, "ಅಳಿಯಾಗ ಮುಸುರಿ ಹಚ್ಚಿದ್ರ ನಿಮ್ಮತ್ತಿ ನನ್ನ ಬಿಡ್ತಾರೇನಪಾ?" ಎಂದು ಓಡಿಸಿದರು.

ತೋಪಿನ ಕಡೆಯಿಂದ ಎತ್ತರದ ಒಬ್ಬ ಹೆಂಗಸು, ಕರುವಿನಷ್ಟು ದೊಡ್ಡ ನಾಯಿಯೊಂದಿಗೆ ಬರುತ್ತಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು, ಮಣ್ಣು ಮೆತ್ತಿದ ಬೂಟು. ಬಾಗಿಲು ತೆರೆದೇ ಇತ್ತು. ಆದರೂ ಬಡಿದಳು.

"ಸುಧಾ ಎಂದರೆ ನೀವೇ ಅಲ್ಲವೇ? ನಾನು ಜೂಡಿತ್." ಅವಳ ಕಣ್ಣು ನನ್ನ ಹಿಂದೆ ಒಬ್ಬೊಬ್ಬರನ್ನೇ ದಾಟಿತು. "ನೀವು ನಾಲ್ವರು ಎಂದು ಬರೆದಿದ್ದಿರಿ."

ಫೆರಿ, ಮೊಣಕಾಲು, ಬೆಂಚು, ಎಲ್ಲವನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಅದಕ್ಕಿಂತ ಕಷ್ಟದ್ದು, ದಣಿದವಳಂತೆ ಕಂಡಳು. "ಕಳೆದ ಬೇಸಿಗೆಯಲ್ಲಿ ಇಲ್ಲಿ ಒಂದು ಗುಂಪು ಇತ್ತು. ನಾಲ್ವರೆಂದು ಹೇಳಿ ಹತ್ತು ಜನ ಬಂದರು. ಗುಂಡಿ ಉಕ್ಕಿ ತೋಟಕ್ಕೆ ಹರಿಯಿತು. ಆ ಹೊಲಸನ್ನೆಲ್ಲ ನಾನೇ ಬಳಿದೆ. ಜನ ಒಳ್ಳೆಯವರೋ ಕೆಟ್ಟವರೋ ಎನ್ನುವುದು ಗುಂಡಿಗೆ ತಿಳಿಯುವುದಿಲ್ಲ."

ಒಳಗೆ ಕಿರಣ್ ಆಗಲೇ ತನ್ನ ಚೀಲ ಎತ್ತಿಕೊಂಡಿದ್ದ. ಜೂಡಿತ್ ಅದನ್ನು ನೋಡಿ ಬೇಡವೆಂದು ತಲೆಯಾಡಿಸಿದಳು.

"ನೀವೇಕೆ ನನ್ನ ಬಾಗಿಲು ಬಡಿಯಲಿಲ್ಲ? ನನ್ನ ಮನೆಯ ಮಹಡಿಯಲ್ಲಿ ಎರಡು ಕೋಣೆ ಖಾಲಿ ಇವೆ. ಫೆರಿ ತಪ್ಪಿದವರನ್ನು ರಸ್ತೆಯಲ್ಲಿ ಬಿಡುವವಳಲ್ಲ ನಾನು."

"ಏನಂತಾಳ ಆಕಿ?" ಅತ್ತಿ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ನನ್ನ ಪಕ್ಕ ನಿಂತರು. ನಾನು ಮೆತ್ತಗೆ ಮಾಡಿ ಹೇಳಹೋದೆ. "ಸೋಸಬ್ಯಾಡ. ಆಕಿ ಅಂದಂಗ ಹೇಳು."

ಹೇಳಿದೆ. ಹೊಲಸು ಬಳಿದದ್ದನ್ನೂ, ಬಾಗಿಲು ಬಡಿಯಬಹುದಿತ್ತೆಂದದ್ದನ್ನೂ. ಅತ್ತಿ ಜೂಡಿತ್‌ಳ ಬೂಟುಗಳನ್ನೇ ನೋಡಿದರು.

"ಆಕಿ ಮನಿ," ಎಂದರು. "ಆಕೀನ್ನ ಒಂದ ಮಾತು ಕೇಳದ ಮಂದೀನ್ನ ಕರಕೊಂಡು ಬಂದ್ನೆಲ್ಲ ನಾನು. ನಮ್ಮ ಮನಿಗೆ ಬಂದವ್ರು ಹಿಂಗ ಮಾಡಿದ್ರ ನಾ ಬಿಡ್ತಿದ್ನೇನು? ರೊಕ್ಕಾ ಕೊಟ್ಟೀವಿ, ಮನಿ ನಮ್ಮದ ಆತು ಅಂತ ತಿಳ್ಕೊಂಡೆ. ಆಕಿಗೆ ಹೇಳು ಸುಧಿ, ಹುಡುಗಿದು ತಪ್ಪಿಲ್ಲ, ಮುದುಕಿದು ತಪ್ಪು ಅಂತ."

ನಾನು ಅಂದಂತೆಯೇ ಹೇಳಿದೆ. ಜೂಡಿತ್ ಅತ್ತಿಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಆಮೇಲೆ, "ಎದುರು ಬಂದು ಪರಿಚಯ ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿ ಕೀಲಿ ಇಟ್ಟವಳು ನಾನು. ಅದನ್ನೂ ಹೇಳಿ," ಎಂದಳು.

ಲೆಕ್ಕ ಸುಲಭವಾಗಿತ್ತು. ಏಳು ಜನರಲ್ಲಿ ಮೂವರು ಆ ಮನೆಗೆ ಹೋಗಬೇಕು. ಕಿರಣ್ ದಂಪತಿಗೆ ಒಂದು ಕೋಣೆ, ಸ್ವಾತಿಯ ತಾಯಿಗೆ ಇನ್ನೊಂದು. ಆದರೆ ಆಕೆ ನಾಯಿಯನ್ನು ಕಂಡಾಗಲೇ ಸೋಫಾದ ಮೇಲೆ ಕಾಲೆತ್ತಿ ಕುಳಿತಿದ್ದರು. ಆ ನಾಯಿಯಿರುವ ಮನೆಗೆ ಬರುವುದಿಲ್ಲವೆಂದು ಮಗಳ ಕೈಹಿಡಿದು ತೆಲುಗಿನಲ್ಲಿ ಬೇಡಿಕೊಂಡರು. ಅದು ನಮಗೆಲ್ಲ ಅರ್ಥವಾಯಿತು.

"ಆಕಿ ನನ್ನ ಹಾಸಿಗಿ ಮ್ಯಾಲೆ ಮಲಗ್ಲಿ," ಎಂದರು ಅತ್ತಿ, ಕೈ ತೊಳೆಯುತ್ತ. "ನಾ ಹೋಗ್ತೀನಿ."

ಗುರುಣ್ಣ ಗಾಬರಿಯಾದ. "ಅವ್ವಾ, ನಿನಗ ಇಂಗ್ಲಿಷ್ ಬರಂಗಿಲ್ಲ."

"ಮಲಗಾಕ ಇಂಗ್ಲಿಷ್ ಯಾಕ ಬೇಕೋ?"

ಶಾಲು ಹೊದ್ದು ಅವರು ತೋಪಿನ ಕಡೆ ನಡೆದರು. ಹಿಂದೆ ಕಿರಣ್ ಮತ್ತು ಸ್ವಾತಿ. ಜೂಡಿತ್ ಮರ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು, ಅತ್ತಿ ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ನಾನೂ ಹೋಗಲೇ ಎಂದು ಎರಡು ಸಲ ಎದ್ದೆ. ವೈನಿ ಕೈಹಿಡಿದು ಕೂರಿಸಿದರು. "ಸಾಕು ಸುಧಾ. ಎರಡು ನಿಮಿಷ ಒಂದು ಕಡೆ ಕೂತ್ಕೊಳೇ."

ಜೂಡಿತ್‌ಳ ಮನೆ, ಮೇ 25, ಸೋಮವಾರ

ಹಿಂದಿನ ದಿನ ಉಳಿದವರೂ ಸೇರಿ ಫೆರಿಗೆ ದೊಡ್ಡ ಸಾಲು ಇರುತ್ತದೆಂದು ಗುರುಣ್ಣ ಬೆಳಿಗ್ಗೆ ಏಳಕ್ಕೇ ಸಾಮಾನು ಕಾರಿಗೆ ಹಾಕಿದ. "ಅವ್ವನ್ನ ಕರಕೊಂಡು ಬಾ. ಆಕಿ ಐದಕ್ಕ ಎದ್ದು ಕುರ್ಚಿ ಹಿಡದಿರ್ತಾಳ," ಎಂದು ನನ್ನನ್ನು ಕಳಿಸಿದ. ದಾರಿಯುದ್ದಕ್ಕೂ ಅವರು ಹೇಗೆ ಕುಳಿತಿರಬಹುದೆಂದೇ ಯೋಚಿಸಿದೆ.

ಜೂಡಿತ್ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟಳು. ನಾಯಿಯೂ ಬೊಗಳಲಿಲ್ಲ.

"ಕುರ್ಚಿಯಲ್ಲಿ ಕುಳಿತಿದ್ದಾರೆಯೇ?" ಎಂದು ಪಿಸುಗುಟ್ಟಿದೆ.

"ಯಾವ ಕುರ್ಚಿ?" ಎಂದಳು.

ಮಹಡಿ ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಅತ್ತಿ ಗೋಡೆಯ ಕಡೆ ಮುಖ ಮಾಡಿ, ದಪ್ಪ ಕೌದಿಯಂಥ ಹೊದಿಕೆಯೊಳಗೆ ಮುದುಡಿಕೊಂಡು ಮಲಗಿದ್ದರು. ಶಾಲು ಮಡಚಿ ಕಾಲ ಬಳಿ ಇಟ್ಟಿದ್ದರು. ಬಿಸಿಲು ಅವರ ಬೆನ್ನಿನವರೆಗೂ ಬಂದಿತ್ತು. ಗೊರಕೆ ಸಣ್ಣಗೆ, ಒಂದೇ ಸಮನೆ ಬರುತ್ತಿತ್ತು.

ತಡವಾಯಿತೆಂದು ಗುರುಣ್ಣನೂ ಕೈಯಲ್ಲಿ ಕಾರಿನ ಕೀಲಿ ಹಿಡಿದು ಮೇಲೆ ಬಂದ. ನನ್ನ ಹೆಗಲ ಮೇಲಿಂದ ಒಳಗೆ ನೋಡಿದ. ಎಬ್ಬಿಸಲೇ ಎಂದು ನಾನು ಕಣ್ಣಲ್ಲೇ ಕೇಳಿದೆ. ಅವನು ಕೀಲಿಯನ್ನು ಸದ್ದಾಗದಂತೆ ಜೇಬಿಗಿಳಿಸಿ, ಬೂಟು ಕಳಚಿ, ಮೇಲಿನ ಮೆಟ್ಟಿಲ ಮೇಲೆ ಕುಳಿತ.

"ಈ ಫೆರಿ ಹೋಗ್ಲಿ ಬಿಡು," ಎಂದ.

ನಾನು ಅವನ ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ.